ಲೇಸರ್‌ಗೆ ಮೊದಲು ಒಂದು ಮೂಲೆಮಟ್ಟ

ಪ್ರಶ್ನೆ: ನಮಸ್ಕಾರ ಸರ್. ಶಿವಮೊಗ್ಗದ ಮಾಚೇನಹಳ್ಳಿ ಇಂಡಸ್ಟ್ರಿಯಲ್ ಏರಿಯಾದಲ್ಲಿ ನಮ್ಮದೊಂದು ಚಿಕ್ಕ ಮಷೀನ್ ಶಾಪ್. ಫೌಂಡ್ರಿಯಿಂದ ಬರುವ ಕಾಸ್ಟಿಂಗ್‌ಗಳನ್ನು ಮಷೀನಿಂಗ್ ಮಾಡಿಕೊಡುತ್ತೇವೆ. ಹೋದ ವರ್ಷ ಬೆಂಗಳೂರಿನಿಂದ ಹನ್ನೊಂದು ವರ್ಷ ಓಡಿದ ವಿಎಂಸಿ (ಕಂಪ್ಯೂಟರ್ ಹೇಳಿದಂತೆ ಲೋಹ ಕೊರೆಯುವ ಮಷೀನ್) ತಂದೆವು. ಎಕ್ಸ್ ಓಟ (ಎಡ-ಬಲ) 800, ವೈ ಓಟ (ಹಿಂದೆ-ಮುಂದೆ) 500 ಮಿ.ಮೀ. ಈಗ ಮಾಡುತ್ತಿರುವುದು ಒಂದು ಎರಕದ ಕವರ್. ಅದರಲ್ಲಿ ನಾಲ್ಕು ಡೋವೆಲ್ ತೂತು, ಅಂದರೆ ಜೋಡಿಸುವಾಗ ಜಾಗ ಹಿಡಿಯುವ ಪಿನ್ನಿನ ತೂತು. ಎಕ್ಸ್‌ನಲ್ಲಿ 400, ವೈನಲ್ಲಿ 300, ಮೂಲೆಯಿಂದ ಮೂಲೆಗೆ 500. ಎಲ್ಲಕ್ಕೂ ಪ್ಲಸ್-ಮೈನಸ್ 0.015 ಟಾಲರೆನ್ಸ್. ಗಿರಾಕಿಯ ಸಿಎಂಎಂನಲ್ಲಿ (ಪೀಸಿನ ಅಳತೆ ತೆಗೆಯುವ ಮಷೀನ್) ಬೆಳಗಿನ ಪೀಸ್ 400.004, 300.002, ಮೂಲೆಯಿಂದ ಮೂಲೆಗೆ 500.020 ಮತ್ತು 499.988. ಮಧ್ಯಾಹ್ನ ಮೂರರ ಪೀಸ್ 400.026, 300.004, ಮೂಲೆಯಿಂದ ಮೂಲೆಗೆ 500.039 ಮತ್ತು 500.007. ಅದೇ ಪ್ರೋಗ್ರಾಂನಲ್ಲಿ ಮಧ್ಯಾಹ್ನ ಅಲ್ಯುಮಿನಿಯಂ ಕವರ್ ಮಾಡಿದರೆ 400 ಇರಬೇಕಾದ್ದು 0.04 ಕಡಿಮೆ ಬರುತ್ತೆ. ದೊಡ್ಡ ಬೋರ್ (ದುಂಡು ತೂತು) ಅನ್ನು ಎಂಡ್‌ಮಿಲ್ ಸುತ್ತಿಸಿ ಮಾಡಿದರೆ ಗೋಡೆಯಲ್ಲಿ ನಾಲ್ಕು ಕಡೆ ಸಣ್ಣ ಗೆರೆ. ಸರ್ವಿಸ್‌ನವರು ‘ಲೇಸರ್ ಹಾಕಿ ಪಿಚ್ ಎರರ್ ತುಂಬಿಸಿಬಿಡೋಣ, ಹೊಸ ಮಷೀನ್ ಥರ ಆಗುತ್ತೆ’ ಅಂತಾರೆ. ಪಕ್ಕದ ಶಾಪಿನವರು ‘ಮಲೆನಾಡಿನ ಶೀತಕ್ಕೆ ಲೇಸರ್ ಸುಳ್ಳು ಹೇಳುತ್ತೆ, ದುಡ್ಡು ದಂಡ’ ಅಂತಾರೆ. ಯಾರ ಮಾತು ಕೇಳಲಿ?

ಉತ್ತರ: ಎರಡೂ ಕರ್ಣದ ಅಳತೆ ಬರೆದಿರಿ ನೋಡಿ, ಅದಕ್ಕೆ ಮೊದಲು ಥ್ಯಾಂಕ್ಸ್. ನನಗೆ ಬರುವ ಹತ್ತು ಪತ್ರದಲ್ಲಿ ಒಂಬತ್ತರಲ್ಲಿ ‘ಸೈಜ್ ಔಟ್ ಬರ್ತಿದೆ ಸರ್’ ಅಂತ ಮಾತ್ರ ಇರುತ್ತೆ. ನಿಮ್ಮ ಎಂಟು ಅಂಕಿಯಲ್ಲೇ ಅರ್ಧ ಕಥೆ ಇದೆ.

ಬೆಳಗಿನ ಪೀಸ್ ತಗೊಳ್ಳಿ. 400ಕ್ಕೆ 4 ಮೈಕ್ರಾನ್ (ಮಿ.ಮೀ.ನ ಸಾವಿರದಲ್ಲೊಂದು ಪಾಲು ಒಂದು ಮೈಕ್ರಾನ್), 300ಕ್ಕೆ 2 ಮೈಕ್ರಾನ್ ಜಾಸ್ತಿ. ಹನ್ನೊಂದು ವರ್ಷದ ಮಷೀನಿಗೆ ಇದು ಬಹಳ ಚೆನ್ನಾಗಿದೆ. ಆದರೆ ಎರಡು ಕರ್ಣಗಳ ನಡುವೆ 32 ಮೈಕ್ರಾನ್ ವ್ಯತ್ಯಾಸ. ಪಾಯ ಹಾಕುವಾಗ ಗಾರೆ ಕೆಲಸದವರು ದಾರ ಹಿಡಿದು ಮೂರಡಿ, ನಾಲ್ಕಡಿ, ಐದಡಿ ಅಳೆದು ಮೂಲೆ ನೋಡುತ್ತಾರಲ್ಲ, ನಿಮ್ಮ ಕವರ್ ಕೂಡ 300, 400, 500. ಬದಿಗಳು ಸರಿ ಇದ್ದು ಒಂದು ಕರ್ಣ ಉದ್ದ, ಇನ್ನೊಂದು ಗಿಡ್ಡ ಆದರೆ ಮೂಲೆ 90 ಡಿಗ್ರಿ ಇಲ್ಲ ಅಂತಲೇ ಅರ್ಥ. ಈ ಅಳತೆಯಲ್ಲಿ ಕರ್ಣಗಳ ವ್ಯತ್ಯಾಸವನ್ನು 1.6ರಿಂದ ಭಾಗಿಸಿದರೆ ಓರೆ ಸಿಗುತ್ತೆ. 32 ಭಾಗಿಸು 1.6, ಅಂದರೆ 20. ವೈ 300 ಮಿ.ಮೀ. ಹೋಗುವಷ್ಟರಲ್ಲಿ ಪಕ್ಕಕ್ಕೆ 20 ಮೈಕ್ರಾನ್ ವಾಲುತ್ತಿದೆ. ಈ ಗಾತ್ರದ ಹೊಸ ಮಷೀನಿಗೆ ಸಾಮಾನ್ಯವಾಗಿ 500 ಮಿ.ಮೀ.ಗೆ 20 ಮೈಕ್ರಾನ್ ತನಕ ಬಿಡುತ್ತಾರೆ. ನಿಮ್ಮದು 500ಕ್ಕೆ 33 ಆಯಿತು.

ಮಧ್ಯಾಹ್ನದ ಪೀಸ್‌ನಲ್ಲಿ ಎಲ್ಲಾ ಅಳತೆ ಬೆಳೆದಿದೆ. ಆದರೆ ಕರ್ಣಗಳ ವ್ಯತ್ಯಾಸ ಮಾತ್ರ ಅದೇ 32. ಅಂದರೆ ಓರೆಗೂ ಬಿಸಿಗೂ ಸಂಬಂಧ ಇಲ್ಲ. ಎರಡು ಬೇರೆ ಬೇರೆ ಕಾಯಿಲೆ. ಬೋರಿನ ನಾಲ್ಕು ಗೆರೆ ಮೂರನೆಯದು.

ಈಗ ಲೇಸರ್ ವಿಷಯ. ಸರ್ವಿಸ್‌ನವರು ಹೇಳುತ್ತಿರುವ ಕೆಲಸದಲ್ಲಿ ಲೇಸರ್ ಒಂದೊಂದೇ ಅಕ್ಷದ ಉದ್ದಕ್ಕೆ ಅಳೆಯುತ್ತೆ. ‘400 ಹೋಗು ಅಂದರೆ 400 ಹೋಯಿತಾ’ ಅಂತ. ಸಿಕ್ಕ ತಪ್ಪನ್ನು ಮಷೀನಿನ ಕಂಟ್ರೋಲ್‌ನಲ್ಲಿ (ಅದನ್ನು ಓಡಿಸುವ ಕಂಪ್ಯೂಟರ್) ಒಂದು ಪಟ್ಟಿಯಾಗಿ ಬರೆದಿಡುವುದೇ ಪಿಚ್ ಎರರ್ ಟೇಬಲ್ ತುಂಬಿಸುವುದು. ನಿಮ್ಮ ಪೀಸ್ ನೋಡಿದರೆ ಮಷೀನಿನಲ್ಲಿ ಸರಿ ಇರುವುದು ಅದೊಂದೇ! ಸರಿ ಇರುವುದನ್ನು ದುಡ್ಡು ಕೊಟ್ಟು ಸರಿ ಮಾಡಿಸಿದ ಮರುದಿನವೂ ಕರ್ಣ 500.020 ಬರುತ್ತೆ. ಸರ್ವಿಸ್‌ನವರು ಮೋಸ ಮಾಡುತ್ತಿದ್ದಾರೆ ಅಂತ ನಾನು ಹೇಳುತ್ತಿಲ್ಲ. ಅವರ ಕೈಯಲ್ಲಿ ಇರುವ ಔಷಧಿ ಅದು, ಅಷ್ಟೇ.

ಮೂರು ಅಕ್ಷದ ಮಷೀನಿನಲ್ಲಿ ಜ್ಯಾಮಿತಿಯ ತಪ್ಪುಗಳು ಒಟ್ಟು 21. ಪೀಸ್ ಕೂರುವ ಟೇಬಲ್ ಎಕ್ಸ್‌ನಲ್ಲಿ ಹೋಗುವಾಗ ಉದ್ದದಲ್ಲಿ ಹೆಚ್ಚುಕಡಿಮೆ ಆಗಬಹುದು. ಪಕ್ಕಕ್ಕೆ ಸರಿಯಬಹುದು, ಮೇಲೆ ಕೆಳಗೆ ಆಗಬಹುದು. ಜೊತೆಗೆ ದೋಣಿ ಥರ ಮೂರು ರೀತಿಯಲ್ಲಿ ವಾಲಬಹುದು. ಒಟ್ಟು ಆರು. ವೈಗೂ ಆರು, ಮೇಲೆ ಕೆಳಗೆ ಓಡುವ ಝಡ್‌ಗೂ ಆರು. ಈ ಹದಿನೆಂಟರ ಮೇಲೆ ಅಕ್ಷ ಅಕ್ಷದ ನಡುವಿನ ಮೂರು ಮೂಲೆ. ಪಿಚ್ ಎರರ್ ಟೇಬಲ್ ತುಂಬಿಸುವುದು ಇದರಲ್ಲಿ ಮೂರನ್ನು ಮಾತ್ರ ಮುಟ್ಟುತ್ತೆ. ‘ಹೊಸ ಮಷೀನ್ ಥರ’ ಅನ್ನುವ ಮಾತನ್ನು ಈ ಲೆಕ್ಕ ಇಟ್ಟುಕೊಂಡು ಕೇಳಿ.

ಪಕ್ಕದ ಶಾಪಿನವರ ಶೀತದ, ಅಂದರೆ ಗಾಳಿಯ ತೇವದ, ಮಾತು? ಅದೂ ಸರಿಯಲ್ಲ. ಆದರೆ ಅದರ ಪಕ್ಕದಲ್ಲೇ ಒಂದು ನಿಜ ಇದೆ. ಲೇಸರ್‌ನ ಅಳತೆಗೋಲು ಬೆಳಕಿನ ಅಲೆ. ಗಾಳಿ ಬದಲಾದರೆ ಅಲೆಯ ಉದ್ದವೂ ತುಸು ಬದಲಾಗುತ್ತೆ. ಗಾಳಿಯ ತೇವ ಅರ್ಧಕ್ಕರ್ಧ ಏರಿದರೂ ಒಂದು ಮೀಟರ್‌ಗೆ ಬರುವ ವ್ಯತ್ಯಾಸ ಅರ್ಧ ಮೈಕ್ರಾನ್ ಆಸುಪಾಸು. ಆಗುಂಬೆ ಮಳೆಯಲ್ಲೂ ಅದು ಲೆಕ್ಕಕ್ಕಿಲ್ಲ. ಒಂದು ಡಿಗ್ರಿ ಬಿಸಿಗೆ ಮೀಟರ್‌ಗೆ ಸುಮಾರು ಒಂದು ಮೈಕ್ರಾನ್. ದೊಡ್ಡ ಕಳ್ಳ ಗಾಳಿಯ ಒತ್ತಡ. ಶಿವಮೊಗ್ಗ ಸಮುದ್ರ ಮಟ್ಟದಿಂದ ಸುಮಾರು 570 ಮೀಟರ್ ಎತ್ತರದಲ್ಲಿದೆ. ಇಲ್ಲಿಯ ನಿಜವಾದ ಒತ್ತಡ 950 ಮಿಲಿಬಾರ್ ಹತ್ತಿರ. ಮೊಬೈಲ್‌ನಲ್ಲಿ ಹವಾಮಾನ ನೋಡಿದರೆ 1010 ತೋರಿಸುತ್ತೆ. ಅದು ಸಮುದ್ರ ಮಟ್ಟಕ್ಕೆ ಇಳಿಸಿ ಹೇಳುವ ಲೆಕ್ಕ. ಲೇಸರ್ ಕಿಟ್‌ನ ಹವಾ ಸೆನ್ಸರ್ ಕೆಟ್ಟಿದ್ದು, ಯಾರಾದರೂ ಮೊಬೈಲ್ ನೋಡಿ 1010 ಅಂತ ಕೈಯಿಂದ ಹಾಕಿದರೆ ಮೀಟರ್‌ಗೆ 16 ಮೈಕ್ರಾನ್ ತಪ್ಪು ಪಿಚ್ ಎರರ್ ಟೇಬಲ್‌ನೊಳಗೆ ಕೂತುಬಿಡುತ್ತೆ. ನಿಮ್ಮ 400ಕ್ಕೆ 6 ಮೈಕ್ರಾನ್ ಆಯಿತು. ಘಟ್ಟದ ಕೆಳಗೆ ಉಡುಪಿಯಲ್ಲಿ ಇದೇ ಸೋಮಾರಿತನ ಮಾಡಿದರೆ ಏನೂ ಆಗಲ್ಲ, ಅಲ್ಲಿ 1010ರ ಆಸುಪಾಸೇ ಇರುತ್ತೆ. ಘಟ್ಟದ ಮೇಲೆ ಆಗುತ್ತೆ. ಆದ್ದರಿಂದ ಶೀತಕ್ಕೆ ಹೆದರಬೇಡಿ, ಸೆನ್ಸರ್ ಹಾಕಿದ್ದಾರಾ ಅಂತ ನೋಡಿ.

ಇನ್ನು ಬಿಸಿ. ನಿಮ್ಮ ಮಷೀನಿನಲ್ಲಿ ಗ್ಲಾಸ್ ಸ್ಕೇಲ್ (ಟೇಬಲ್‌ನ ಜಾಗ ನೇರ ಓದುವ ಗಾಜಿನ ಅಳತೆಪಟ್ಟಿ) ಇಲ್ಲ ಅಂದುಕೊಂಡಿದ್ದೇನೆ. ಆಗ ಟೇಬಲ್ ಎಲ್ಲಿದೆ ಅಂತ ಕಂಟ್ರೋಲ್‌ಗೆ ನೇರ ಗೊತ್ತಾಗಲ್ಲ. ಮೋಟಾರ್ ಎಷ್ಟು ಸುತ್ತು ತಿರುಗಿತು ಅನ್ನುವುದರ ಮೇಲೆ ಅಂದಾಜು. ಟೇಬಲ್ ತಳ್ಳುವ ಬಾಲ್ ಸ್ಕ್ರೂ ಬಿಸಿಯಾಗಿ ಉದ್ದವಾದರೆ ಅದೇ ಸುತ್ತಿಗೆ ಟೇಬಲ್ ಜಾಸ್ತಿ ಹೋಗುತ್ತೆ. ಉಕ್ಕು ಒಂದು ಡಿಗ್ರಿಗೆ ಮೀಟರ್‌ಗೆ 11.5 ಮೈಕ್ರಾನ್ ಹಿಗ್ಗುತ್ತೆ. ಎಕ್ಸ್‌ನಲ್ಲಿ ಬೆಳಗಿಗೂ ಮಧ್ಯಾಹ್ನಕ್ಕೂ 22 ಮೈಕ್ರಾನ್ ಬದಲಾಗಿದೆ. ಲೆಕ್ಕ ಹಾಕಿದರೆ ಸ್ಕ್ರೂ ಪೀಸಿಗಿಂತ ಸುಮಾರು 5 ಡಿಗ್ರಿ ಜಾಸ್ತಿ ಬಿಸಿಯಾಗಿದೆ. ರ್‍ಯಾಪಿಡ್‌ನಲ್ಲಿ (ಕೊರೆಯದೆ ಬಿರುಸಾಗಿ ಓಡುವಾಗ) ಆ ಕಡೆ ಈ ಕಡೆ ಓಡಿ ಓಡಿ ನಟ್‌ನ ತಿಕ್ಕಾಟಕ್ಕೆ ಅಷ್ಟು ಬಿಸಿ ಸಹಜ. ವೈ ಕಡಿಮೆ ಓಡುತ್ತೆ, ಕಡಿಮೆ ಬೆಳೆದಿದೆ.

ಇಲ್ಲಿ ಜನ ತಲೆ ಕೆಡಿಸಿಕೊಳ್ಳುವ ಇನ್ನೊಂದು ವಿಷಯ ಇದೆ. ಶಾಪಿನಲ್ಲಿ 34 ಡಿಗ್ರಿ, ಸಿಎಂಎಂ ರೂಮಿನಲ್ಲಿ 20. ಹಾಗಾದರೆ ಎರಕದ ಪೀಸ್ ಅಲ್ಲಿ ಹೋಗಿ ಕುಗ್ಗಬೇಕಲ್ವಾ? ಕುಗ್ಗುತ್ತೆ, 400ಕ್ಕೆ 60 ಮೈಕ್ರಾನ್ ಹತ್ತಿರ. ಆದರೆ ಅದನ್ನು ಮಾಡುವಾಗ ಸ್ಕ್ರೂ ಕೂಡ ಹೆಚ್ಚುಕಡಿಮೆ ಅಷ್ಟೇ ಹಿಗ್ಗಿತ್ತು. ಎರಡೂ ಹೊಡೆದುಹೋಗುತ್ತೆ. ಎರಕ ಮತ್ತು ಉಕ್ಕು ಅಣ್ಣತಮ್ಮಂದಿರು, ಒಟ್ಟಿಗೆ ಬೆಳೆಯುತ್ತವೆ. ಅಲ್ಯುಮಿನಿಯಂ ಹಾಗಲ್ಲ. ಡಿಗ್ರಿಗೆ ಮೀಟರ್‌ಗೆ 23 ಮೈಕ್ರಾನ್, ಉಕ್ಕಿನ ಎರಡರಷ್ಟು. ಉಕ್ಕಿಗಿಂತ ಡಿಗ್ರಿಗೆ 11.5 ಜಾಸ್ತಿ ಕುಗ್ಗುವುದರಿಂದ 14 ಡಿಗ್ರಿಗೆ 400 ಮಿ.ಮೀ.ನಲ್ಲಿ 64 ಮೈಕ್ರಾನ್ ಕಡಿಮೆ ಬರಬೇಕು. ಅದರಿಂದ ಬಿಸಿ ಸ್ಕ್ರೂ ಜಾಸ್ತಿ ಕೊಟ್ಟ 22 ಕಳೆಯಿರಿ. 42 ಉಳಿಯಿತು. ನೀವು ಬರೆದದ್ದು 0.04. ಕ್ಲ್ಯಾಂಪ್ ಬಿಗಿ, ಟೂಲ್ ಒತ್ತಡ ಅಂತ ಹುಡುಗರನ್ನು ಬೈದಿದ್ದರೆ ವಾಪಸ್ ತಗೊಳ್ಳಿ.

ಈ ಬಿಸಿಯನ್ನು ಪಿಚ್ ಎರರ್ ಟೇಬಲ್ ಸರಿ ಮಾಡಲ್ಲ. ಆ ಟೇಬಲ್ ಒಂದು ದಿನದ, ಒಂದು ಗಂಟೆಯ ಫೋಟೋ ಇದ್ದ ಹಾಗೆ. ಬೆಳಿಗ್ಗೆ ತಣ್ಣಗಿರುವಾಗ ತೆಗೆದರೆ ಮಧ್ಯಾಹ್ನ ಸುಳ್ಳು. ಮಧ್ಯಾಹ್ನ ತೆಗೆದರೆ ಬೆಳಿಗ್ಗೆ ಸುಳ್ಳು. ನೀವು ಮಾಡಬಹುದಾದ ಅಗ್ಗದ ಕೆಲಸ ಎಂದರೆ ಬೆಳಿಗ್ಗೆ ಟೂಲ್ ಇಲ್ಲದೆ ಅದೇ ಪ್ರೋಗ್ರಾಂ ಅರ್ಧ ಗಂಟೆ ಗಾಳಿಯಲ್ಲಿ ಓಡಿಸುವುದು, ರ್‍ಯಾಪಿಡ್ ಅನ್ನು 50 ಪರ್ಸೆಂಟಿಗೆ ಇಳಿಸುವುದು. ಸೈಕಲ್ ಟೈಮ್ ಸ್ವಲ್ಪ ಹೋಗುತ್ತೆ, ಬಿಸಿ ಕಡಿಮೆಯಾಗುತ್ತೆ. ಊಟಕ್ಕೆ ನಿಲ್ಲಿಸಿದರೆ ಅಥವಾ ಕರೆಂಟ್ ಹೋದರೆ ಮತ್ತೆ ತಣ್ಣಗಾಗುತ್ತೆ, ಆಮೇಲಿನ ಮೊದಲ ಪೀಸ್ ಬೇರೆ ಇಡಿ. ಮಷೀನಿನಲ್ಲಿ ಪ್ರೋಬ್ (ಮುಟ್ಟಿ ಅಳೆಯುವ ಕಡ್ಡಿ) ಇದ್ದರೆ ಇನ್ನೊಂದು ಉಪಾಯ. ಒಂದು ಎರಕದ ಪಟ್ಟಿಯಲ್ಲಿ 400 ದೂರದಲ್ಲಿ ಎರಡು ತೂತು ಮಾಡಿ, ನಿಖರವಾಗಿ ಅಳೆಸಿ, ಟೇಬಲ್ ತುದಿಯಲ್ಲಿ ಕೂರಿಸಿ. ಹತ್ತು ಪೀಸಿಗೊಮ್ಮೆ ಪ್ರೋಬ್ ಎರಡೂ ತೂತು ಮುಟ್ಟಿ ಬರಲಿ. ಸ್ಕ್ರೂ ಎಷ್ಟು ಬೆಳೆದಿದೆ ಅಂತ ಅದೇ ಹೇಳುತ್ತೆ. ಗ್ಲಾಸ್ ಸ್ಕೇಲ್ ಹಾಕಿಸುವುದು ಬೇರು ಸಮೇತ ಕೀಳುವ ಉಪಾಯ. ದುಬಾರಿ. ಜೊತೆಗೆ ನಮ್ಮ ಮಳೆಗಾಲದಲ್ಲಿ ಸ್ಕೇಲಿನೊಳಗೆ ಒಣಗಿದ, ಸ್ವಚ್ಛವಾದ ಗಾಳಿ ಸದಾ ಊದುತ್ತಿರಬೇಕು. ಕಂಪ್ರೆಸರ್ ಲೈನಿನಲ್ಲಿ ನೀರು ಬರುವ ಶಾಪಿನಲ್ಲಿ ಸ್ಕೇಲ್ ಹಾಕಿಸಿ ಅಳುವವರನ್ನು ನೋಡಿದ್ದೇನೆ.

ಬೋರಿನ ನಾಲ್ಕು ಗೆರೆ ಅಕ್ಷ ದಿಕ್ಕು ಬದಲಿಸುವ ನಾಲ್ಕು ಜಾಗ. ಅಲ್ಲಿ ಬ್ಯಾಕ್‌ಲ್ಯಾಷ್ (ಸ್ಕ್ರೂ, ನಟ್ ನಡುವಿನ ಸಡಿಲ) ಇರಬಹುದು, ಅಥವಾ ಸ್ಲೈಡ್ ಹಿಡಿದು ಬಿಡುವಾಗಿನ ತಡ ಇರಬಹುದು. ಡಯಲ್ (ಮೈಕ್ರಾನ್ ತೋರಿಸುವ ಮುಳ್ಳಿನ ಮಾಪಕ) ಇಟ್ಟು ನೋಡಿ, ಕಂಟ್ರೋಲ್ ಫಾನುಕ್ ಕಂಪನಿಯದ್ದಾದರೆ 1851ನೇ ಪ್ಯಾರಾಮೀಟರ್‌ನಲ್ಲಿ ಅಂಕಿ ಬದಲಿಸುವುದು ಎಲ್ಲರಿಗೂ ಗೊತ್ತು. ಗೊತ್ತಿರುವುದೇ ತೊಂದರೆ. ವರ್ಷಾನುಗಟ್ಟಲೆ ಟೇಬಲ್ ನಡುವೆಯೇ ವೈಸ್ ಕಟ್ಟಿ ಕೆಲಸ ಮಾಡಿದ ಮಷೀನಿನಲ್ಲಿ ಸ್ಕ್ರೂ ಸವೆಯುವುದು ನಡುವೆ. ಭದ್ರಾವತಿ ಕಡೆಯ ಒಂದು ಶಾಪಿನಲ್ಲಿ ನಾನು ಅಳೆದಾಗ ನಡುವೆ 18 ಮೈಕ್ರಾನ್, ಎರಡೂ ತುದಿಯಲ್ಲಿ 6 ಇತ್ತು. ಅವರು 18 ತುಂಬಿಸಿಟ್ಟಿದ್ದರು. ನಡುವೆ ಕೆಲಸ ಚೆನ್ನಾಗಿತ್ತು. ಟೇಬಲ್ ತುಂಬಾ ನಾಲ್ಕು ಫಿಕ್ಸ್ಚರ್ ಹಾಕಿದ ದಿನ ತುದಿಯ ಎರಡು ಪೀಸ್ ಹಾಳು. ಇಲ್ಲದ ಸಡಿಲಕ್ಕೆ 12 ಮೈಕ್ರಾನ್ ಜಾಸ್ತಿ ತಳ್ಳುತ್ತಿತ್ತು ಕಂಟ್ರೋಲ್. ಆದ್ದರಿಂದ ಎಡ, ನಡು, ಬಲ, ಮೂರು ಕಡೆ ಡಯಲ್ ಇಡಿ. ಒಂದೇ ಥರ ಬಂದರೆ ಅಂಕಿ ಹಾಕಿ. ಬೇರೆ ಬೇರೆ ಬಂದರೆ ಎರಡೂ ದಿಕ್ಕಿಗೆ ಬೇರೆ ಪಿಚ್ ಎರರ್ ಟೇಬಲ್ ಹಾಕುವ ಸೌಲಭ್ಯ ಕಂಟ್ರೋಲ್‌ನಲ್ಲಿ ಇದೆಯಾ ಕೇಳಿ. ಇಲ್ಲದಿದ್ದರೆ ಸ್ಕ್ರೂ, ನಟ್, ಬೇರಿಂಗ್ ಬಿಚ್ಚಿ ನೋಡುವ ಕಾಲ ಬಂದಿದೆ ಅಂತ. ಒಂದೇ ಜಾಗಕ್ಕೆ ಐದು ಸಲ ಕಳಿಸಿದರೆ ಐದು ಬೇರೆ ರೀಡಿಂಗ್ ಬರುವ ಮಷೀನಿಗೆ ಯಾವ ಅಂಕಿ ತುಂಬಿಸಿದರೂ ವ್ಯರ್ಥ. ಯಾವ ತಪ್ಪಿಗೆ ಅಂತ ತುಂಬಿಸುತ್ತೀರಿ?

ಬಾಲ್‌ಬಾರ್ ಇರುವವರು ಸಿಕ್ಕರೆ ಅರ್ಧ ದಿನಕ್ಕೆ ಕರೆಸಿ. ಎರಡು ಗುಂಡಿನ ನಡುವೆ ಒಂದು ಹಿಗ್ಗಿ ಕುಗ್ಗುವ ಕೋಲು. ಮಷೀನ್ ವೃತ್ತ ಸುತ್ತುತ್ತೆ, ಕೋಲು ತಪ್ಪನ್ನು ಬರೆಯುತ್ತೆ. ಜಿಮ್ ಬ್ರಯಾನ್ ಅನ್ನುವ ಅಮೆರಿಕದ ಎಂಜಿನಿಯರ್ 1982ರಲ್ಲಿ ಪ್ರಕಟಿಸಿದ ಸರಳ ಉಪಾಯ ಇದು. ವೃತ್ತ ಓರೆ ಮೊಟ್ಟೆಯಾಗಿ, ಎಡಕ್ಕೆ ಸುತ್ತಿದರೂ ಬಲಕ್ಕೆ ಸುತ್ತಿದರೂ ಒಂದೇ ಕಡೆ ವಾಲಿದ್ದರೆ ಮೂಲೆ ತಪ್ಪು. ಸುತ್ತುವ ದಿಕ್ಕಿನ ಜೊತೆ ವಾಲುವ ಕಡೆಯೂ ಬದಲಾದರೆ ಸರ್ವೋ (ಅಕ್ಷ ಓಡಿಸುವ ಮೋಟಾರ್) ಹೊಂದಾಣಿಕೆ ತಪ್ಪು. ನಾಲ್ಕು ಕಡೆ ಮೆಟ್ಟಿಲು ಬಂದರೆ ಬ್ಯಾಕ್‌ಲ್ಯಾಷ್. ನಿಮ್ಮ ಸಂಶಯಗಳಿಗೆ ಲೇಸರ್‌ಗಿಂತ ಮೊದಲು ಇದು ಉತ್ತರ ಕೊಡುತ್ತೆ.

ಸರಿ, ದೊಡ್ಡ ಕಾಯಿಲೆಗೆ ಬರೋಣ. ಮೂಲೆ. ಮಷೀನನ್ನು ಅನುಮಾನಿಸುವ ಮೊದಲು ಗಿರಾಕಿಗೆ ಒಂದು ಮಾತು ಕೇಳಿ. ಅದೇ ಪೀಸನ್ನು ಸಿಎಂಎಂ ಮೇಲೆ 90 ಡಿಗ್ರಿ ತಿರುಗಿಸಿ ಇಟ್ಟು ಮತ್ತೆ ಅಳೆಯಲಿ. ಉದ್ದದ ಕರ್ಣ ಪೀಸಿನ ಜೊತೆಗೇ ತಿರುಗಿದರೆ ತಪ್ಪು ಪೀಸಿನದು. ಉದ್ದ ಗಿಡ್ಡ ಅದಲುಬದಲಾದರೆ ಓರೆ ಇರುವುದು ಅವರ ಸಿಎಂಎಂನಲ್ಲಿ. ಅಪರೂಪ, ಆದರೆ ನಡೆಯುತ್ತೆ.

ಆಮೇಲೆ ಸ್ಪಿರಿಟ್ ಲೆವೆಲ್. ಗಾರೆ ಕೆಲಸದ ರಸಮಟ್ಟ ಅಲ್ಲ, ಒಂದು ಗೀಟಿಗೆ ಮೀಟರ್‌ಗೆ 0.02 ಮಿ.ಮೀ. ತೋರಿಸುವಂಥದ್ದು. ನಮ್ಮಲ್ಲಿ ಎಷ್ಟೋ ಶೆಡ್ ಎದ್ದಿರುವುದು ಗದ್ದೆ ತುಂಬಿಸಿದ ಮಣ್ಣಿನ ಮೇಲೆ. ಏಪ್ರಿಲ್‌ನಲ್ಲಿ ಲೆವೆಲ್ ಮಾಡಿದ ಮಷೀನ್ ಆಗಸ್ಟ್‌ನಲ್ಲಿ ಗುಳ್ಳೆ ಎರಡು ಗೀಟು ಆಚೆ ಹೋಗಿದ್ದನ್ನು ಸಾಗರ ರಸ್ತೆಯ ಒಂದು ಶಾಪಿನಲ್ಲಿ ಎರಡು ವರ್ಷ ಸತತ ನೋಡಿದ್ದೇನೆ. ಮಳೆಗೆ ಮಣ್ಣು ಉಬ್ಬಿತ್ತು, ಬೆಡ್ ತಿರುಚಿತ್ತು. ಲೆವೆಲ್ ಸರಿಯಾದ ಮಾತ್ರಕ್ಕೆ ನಿಮ್ಮ ಎಕ್ಸ್-ವೈ ಮೂಲೆ ಪೂರಾ ಸರಿಹೋಗುತ್ತೆ ಅಂತ ನಾನು ಮಾತು ಕೊಡಲ್ಲ. ಆ ಮೂಲೆ ಮುಖ್ಯವಾಗಿ ಸ್ಯಾಡಲ್‌ನಲ್ಲಿ (ಬೆಡ್ ಮತ್ತು ಟೇಬಲ್ ನಡುವಿನ ಭಾಗ) ಇರುತ್ತೆ. ಲೆವೆಲ್‌ನಿಂದ ಜಾಸ್ತಿ ಸುಧಾರಿಸುವುದು ಝಡ್‌ನ ಮೂಲೆಗಳು. ಆದರೆ ತಿರುಚಿದ ಬೆಡ್ ಮೇಲೆ ಮಾಡಿದ ಯಾವ ಅಳತೆಯೂ ನಂಬಿಕೆಗೆ ಬರಲ್ಲ.

ಈಗ ಮೂಲೆ ಅಳೆಯಿರಿ. ಒಳ್ಳೆಯ ಗ್ರಾನೈಟ್ ಸ್ಕ್ವೇರ್ (ಮೂಲೆಮಟ್ಟ) ಇಲ್ಲ ಅಂತ ಚಿಂತೆ ಬೇಡ, ಎರಡೂ ಮುಖ ಇಡಲು ಬರುವ ಸಾಧಾರಣ ಸ್ಕ್ವೇರ್ ಸಾಕು. ಟೇಬಲ್ ಮೇಲೆ ಮಲಗಿಸಿ, ಒಂದು ತೋಳನ್ನು ಎಕ್ಸ್‌ಗೆ ಡಯಲ್‌ನಿಂದ ಸರಿ ಮಾಡಿ. ಇನ್ನೊಂದು ತೋಳಿನ ಮೇಲೆ ಡಯಲ್ ಇಟ್ಟು ವೈಯನ್ನು 300 ಓಡಿಸಿ. 26 ಬಂತು ಅನ್ನಿ. ಈಗ ಸ್ಕ್ವೇರ್ ಅನ್ನು ದೋಸೆ ಮಗುಚಿದ ಹಾಗೆ ಮಗುಚಿ, ಮತ್ತೆ ಅದೇ ಅಳತೆ. 14 ಬಂತು ಅನ್ನಿ. ಎರಡರ ಸರಾಸರಿ 20 ಮಷೀನಿನ ತಪ್ಪು, ಉಳಿದ 6 ಸ್ಕ್ವೇರ್‌ನ ತಪ್ಪು. ಚಿಹ್ನೆ ಮಾತ್ರ ಜೋಪಾನ: ಎರಡು ಸಲವೂ ಯಾವ ದಿಕ್ಕಿನ ವಾಲಿಕೆಗೆ ಪ್ಲಸ್ ಅಂತ ಮೊದಲೇ ಕಾಗದದಲ್ಲಿ ಬರೆದಿಡಿ.

20 ನಿಜವೇ ಆದರೆ ದಾರಿ ಮೂರು. ಮೊದಲನೆಯದು ಸ್ಯಾಡಲ್‌ನ ಗೈಡ್‌ವೇ (ಜಾರುವ ಹಳಿ) ಸಡಿಲಿಸಿ ಕೂರಿಸುವುದು. ಅದೇ ಸರಿಯಾದ ದಾರಿ. ಆದರೆ ಕೈ ಪಳಗಿದವರು ಬೇಕು. ಗೊತ್ತಿಲ್ಲದವರು ಬೋಲ್ಟ್ ಮುಟ್ಟಿದರೆ ಮೂಲೆ ಸರಿಯಾಗಿ ನೇರ ಹಾಳಾಗುತ್ತೆ.

ಎರಡನೆಯದು ಕಂಟ್ರೋಲ್‌ನಲ್ಲೇ ಮೂಲೆ ಸರಿಪಡಿಸುವುದು. ವೈ ಚಲಿಸಿದ ಹಾಗೆ ಎಕ್ಸ್ ತಾನೇ ತುಸು ತುಸು ಸರಿಯುತ್ತಾ ಹೋಗುತ್ತೆ. ಬಹಳ ಕಂಟ್ರೋಲ್‌ಗಳಲ್ಲಿ ಇದು ಬೇರೆ ದುಡ್ಡು ಕೊಟ್ಟು ತೆರೆಸಬೇಕಾದ ಆಪ್ಷನ್. ಅಪಾಯ ಏನು ಗೊತ್ತಾ? ಬರೀ ವೈ ಓಡುತ್ತಿದೆ ಅಂತ ನೀವು ಅಂದುಕೊಂಡಾಗಲೂ ಎಕ್ಸ್ ಮೈಕ್ರಾನ್ ಲೆಕ್ಕದಲ್ಲಿ ಮಿಸುಕುತ್ತಿರುತ್ತೆ. ಎಕ್ಸ್‌ನಲ್ಲಿ ಸಡಿಲ ಇದ್ದರೆ ಆ ಮಿಸುಕಾಟ ಮೇಲ್ಮೈ ಮೇಲೆ ಮೂಡುತ್ತೆ. ಅದಕ್ಕೇ ಬ್ಯಾಕ್‌ಲ್ಯಾಷ್ ಮೊದಲು, ಮೂಲೆ ಆಮೇಲೆ. ಇನ್ನೊಂದು ಮಿತಿ ಇದೆ. ಕಂಟ್ರೋಲ್ ಸರಿ ಮಾಡುವುದು ಟೂಲ್ ತುದಿಯ ಜಾಗವನ್ನು ಮಾತ್ರ. ಟೂಲ್ ತಿರುಗಿಸುವ ಸ್ಪಿಂಡಲ್ ವಾಲಿದ್ದರೆ ತೂತು ಸರಿಯಾದ ಜಾಗದಲ್ಲಿ ಓರೆಯಾಗಿ ಬೀಳುತ್ತೆ.

ಮೂರನೆಯದು ಬಡವರ ದಾರಿ, ನಾನೂ ಮಾಡಿಸಿದ್ದೇನೆ. ಈ ಒಂದು ಜಾಬ್‌ಗೆ ಮೇಲಿನ ಎರಡು ತೂತಿನ ಎಕ್ಸ್ ಅಂಕಿಯನ್ನು ವಾಲಿಕೆಯ ಎದುರು ದಿಕ್ಕಿಗೆ 0.020 ಸರಿಸಿ. ತೂತಿಗೆ ಇದು ನಡೆಯುತ್ತೆ. ಉದ್ದದ ಗೋಡೆ, ಪಾಕೆಟ್ ಇದ್ದರೆ ಅದರ ಅಂಕಿಯನ್ನೂ ಓರೆ ಮಾಡಬೇಕಾಗುತ್ತೆ. ಮತ್ತೆ ಪ್ರೋಗ್ರಾಂ ತಲೆಯಲ್ಲಿ ಕಾಮೆಂಟ್ ಬರೆಯದೆ ಬಿಡಬೇಡಿ. ಮುಂದೊಂದು ದಿನ ಯಾರೋ ಸ್ಯಾಡಲ್ ಸರಿ ಮಾಡುತ್ತಾರೆ. ಆಗ ಈ ಪ್ರೋಗ್ರಾಂ 20 ಮೈಕ್ರಾನ್ ಕೆಡಿಸುತ್ತೆ, ಕಾರಣ ಯಾರಿಗೂ ಹೊಳೆಯಲ್ಲ.

ನನ್ನನ್ನು ಕೇಳಿದರೆ ನಾಳೆಯೇ ಮೂರನೆಯದು ಮಾಡಿ ಗಿರಾಕಿಯನ್ನು ಉಳಿಸಿಕೊಳ್ಳಿ. ಜೊತೆಗೆ ಬೆಳಗಿನ ಅರ್ಧ ಗಂಟೆ ಓಟ, ಅರ್ಧಕ್ಕಿಳಿಸಿದ ರ್‍ಯಾಪಿಡ್. ಇಷ್ಟರಿಂದಲೇ ಈ ಕವರ್ ಟಾಲರೆನ್ಸ್ ಒಳಗೆ ಬರುವ ಸಾಧ್ಯತೆ ಜಾಸ್ತಿ. ಆಮೇಲೆ ಬಿಡುವಾದಾಗ ಲೆವೆಲ್, ಬಾಲ್‌ಬಾರ್, ಸ್ಯಾಡಲ್.

ಲೇಸರ್ ಬೇಡವೇ ಬೇಡ ಅಂತಲ್ಲ. ನಿಮ್ಮ ಪೀಸ್ ತೋರಿಸಿದ್ದು 800ರಲ್ಲಿ ನಡುವಿನ 400 ಮಾತ್ರ, ತುದಿಗಳ ಕಥೆ ಗೊತ್ತಿಲ್ಲ. ಸ್ಯಾಡಲ್ ಕೆಲಸ ಮುಗಿದ ಮೇಲೆ ಒಮ್ಮೆ ಮಾಡಿಸಿ. ಮೋಡ ಕವಿದ ಆಷಾಢದ ದಿನ ಆದರೆ ಒಳ್ಳೆಯದು. ಶೀತ ಅಂತ ಜನ ಹೆದರುವ ಅದೇ ದಿನಗಳಲ್ಲಿ ಬೆಳಿಗ್ಗೆಗೂ ಮಧ್ಯಾಹ್ನಕ್ಕೂ ಬಿಸಿಲಿನ ಏರಿಳಿತ ಕಡಿಮೆ. ಲೆವೆಲ್ ಮಾತ್ರ ಹಿಂದಿನ ದಿನ ನೋಡಿರಿ. ಲೇಸರ್‌ನ ಕನ್ನಡಿಯನ್ನು ಟೇಬಲ್‌ಗೆ ಅಂಟಿಸಿ ಇಡಲು ಬಿಡಬೇಡಿ, ನಿಮ್ಮ ಜಾಬ್ ಎಷ್ಟು ಎತ್ತರದಲ್ಲಿ ಕೂರುತ್ತದೋ ಆ ಎತ್ತರಕ್ಕೆ ಇಡಿಸಿ. ಟೇಬಲ್ ಬರೀ 15 ಆರ್ಕ್ ಸೆಕೆಂಡ್ (ಒಂದು ಡಿಗ್ರಿಯ 3600ರಲ್ಲೊಂದು ಪಾಲು ಒಂದು ಆರ್ಕ್ ಸೆಕೆಂಡ್) ವಾಲಿದರೂ 250 ಮಿ.ಮೀ. ಎತ್ತರದ ಫಿಕ್ಸ್ಚರ್‌ನಲ್ಲಿ 18 ಮೈಕ್ರಾನ್ ಆಗುತ್ತೆ. ಜರ್ಮನಿಯ ಅರ್ನ್ಸ್ಟ್ ಆಬೆ 1890ರಲ್ಲೇ ಹೇಳಿದ ಮಾತಿದು: ಅಳೆಯುವ ಗೆರೆ ಕೆಲಸದ ಗೆರೆಯ ಮೇಲೇ ಇರಬೇಕು. ಇಂದಿಗೂ ಅವಸರದಲ್ಲಿ ಎಲ್ಲರೂ ಮರೆಯುವುದು ಇದನ್ನೇ. ಮಷೀನಿನ ಮೇಲೆ ಅಂಟಿಸುವ ಬಿಸಿ ಸೆನ್ಸರ್‌ಗೆ ಯಾವ ಲೋಹ ಅಂತ ಹಾಕಿದರು, 11.5ರ ಆಸುಪಾಸು ಇದೆಯಾ ಅಂತ ಸ್ಕ್ರೀನ್ ನೋಡಿ.

ಅವರು ಬಂದ ಕೂಡಲೇ ಯಾವುದನ್ನೂ ಮುಟ್ಟುವ ಮೊದಲು ಎಲ್ಲಾ ಪ್ಯಾರಾಮೀಟರ್ ಬ್ಯಾಕಪ್ ತೆಗೆಸಿ ನಿಮ್ಮ ಹತ್ತಿರ ಇಟ್ಟುಕೊಳ್ಳಿ. ಹಳೆಯ ಪಿಚ್ ಎರರ್ ಟೇಬಲ್ ಇರುವಾಗಲೇ ಒಂದು ಸಲ ಅಳೆಸಿ. ಮಷೀನ್ ಪರೀಕ್ಷೆಯ ಅಂತರರಾಷ್ಟ್ರೀಯ ಮಾನದಂಡ ಐಎಸ್‌ಒ 230-2 ಪ್ರಕಾರ ಪ್ರತಿ ಜಾಗಕ್ಕೆ ಎರಡೂ ಕಡೆಯಿಂದ ಐದೈದು ಸಲ ಹೋಗಬೇಕು. ಒಂದೇ ಸಲ ಓಡಿಸಿ ‘ಸಾಕು ಸರ್’ ಅಂದರೆ ಸಾಲದು. ಹೊಸ ಅಂಕಿ ತುಂಬಿಸಿದ ಮೇಲೆ ಮತ್ತೆ ಅಷ್ಟೇ ಸಲ ಓಡಿಸಿ ಎರಡನೇ ಗ್ರಾಫ್ ತೆಗೆಸಿ. ಎರಡನೇ ಗ್ರಾಫ್ ಇಲ್ಲದೆ ಬಿಲ್ ಕೊಟ್ಟರೆ ಒಂದು ಟೀ ತರಿಸಿ ಕೂರಿಸಿ, ಅಷ್ಟರಲ್ಲಿ ಮಷೀನ್ ಇನ್ನೊಂದು ಸಲ ಓಡಲಿ ಅನ್ನಿ.